ಬೀಜ ಕಡಿದು ದಿನ ಹೇಳುತ್ತಿದ್ದವರು

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ "ಸಾ, ಮ್ಯಾನೇಜರ್ ಸಾ" ಎಂದು ಕೂಗಿದರು. ಗೊಬ್ಬರದ ಅಂಗಡಿ ಇಟ್ಟುಕೊಂಡ ಮೇಲೆ ನನ್ನನ್ನು ಯಾರೂ ಮ್ಯಾನೇಜರ್ ಎಂದು ಕರೆದಿಲ್ಲ. ತಿರುಗಿ ನೋಡಿದರೆ ಸಿದ್ದರಾಜು. ನಾನು ಹಿಂದೆ ಕೆಲಸಕ್ಕಿದ್ದ ದ್ರಾಕ್ಷಿ ತೋಟದಲ್ಲಿ ಪಂಪು ನೋಡಿಕೊಳ್ಳುತ್ತಿದ್ದವನು. ಯೋಗಕ್ಷೇಮ ಕೇಳುವ ಮೊದಲೇ ಸುದ್ದಿ ಹೇಳಿದ.

"ಗೊತ್ತಾಯ್ತಾ ಸಾ? ಮೇಸ್ತ್ರಮ್ಮ ಓಗ್ಬುಟ್ರು. ಓದ್ ಸೋಮ್ವಾರ."

"ಏನಾಗಿತ್ತೋ?"

"ಏನೂ ಇಲ್ಲ ಸಾ. ಬೆಳಗ್ಗೆ ಎದ್ದು ಮುಖ ತೊಳ್ಕಂಡು ಜಗ್ಲಿ ಮ್ಯಾಲೆ ಕೂತವ್ರು ಅಂಗೇ ಒರಗವ್ರೆ. ಯಾರ್ ಕೈಲೂ ಒಂದ್ ಲೋಟ ನೀರ್ ಕೇಳ್ನಿಲ್ಲ. ಪುಣ್ಯವಂತೆ."

ನನಗೆ ಮೊದಲು ಆದದ್ದು ದುಃಖವಲ್ಲ. ಇದನ್ನು ಬರೆಯಲು ಕೂತಿರುವುದೇ ನಿಜ ಹೇಳುವುದಕ್ಕಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಬ್ಬಾ, ಬದುಕಿಕೊಂಡೆ ಅನ್ನಿಸಿತು. ಇನ್ನು ಆ ವಿಷಯ ಗೊತ್ತಿರುವವರು ಭೂಮಿಯ ಮೇಲೆ ಯಾರೂ ಇಲ್ಲ, ನಾನೊಬ್ಬನೇ. ಆಮೇಲೆ, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ, ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಒಬ್ಬರು ಸತ್ತ ಸುದ್ದಿ ಕೇಳಿ ಸಮಾಧಾನ ಪಡುವ ಹಂತಕ್ಕೆ ಬಂದಿದ್ದೆನಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೋಟವಿದ್ದ ಗುಡ್ಡದ ಮೇಲೆ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಕೂಲಿಯವರ ಮೇಸ್ತ್ರಿಯಾದ್ದರಿಂದ ಎಲ್ಲರಿಗೂ ಮೇಸ್ತ್ರಮ್ಮ. ಇನ್ನೊಂದು ಮಾತು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ಕೆಲಸಕ್ಕಿದ್ದಷ್ಟು ಕಾಲ ನಾನು ಅವರನ್ನು "ಏನಮ್ಮಾ, ಬಂದ್ಯಾ" ಎಂದು ಏಕವಚನದಲ್ಲೇ ಮಾತಾಡಿಸಿದೆ. ಅವರು ಕಾಲೋನಿಯವರು, ನಾನು ಮಠಕ್ಕೆ ನಡೆದುಕೊಳ್ಳುವ ಮನೆಯವನು. ಅದು ಹಾಗೇ ನಡೆಯುತ್ತಿತ್ತು, ನಾನು ಯೋಚನೆಯನ್ನೇ ಮಾಡಿರಲಿಲ್ಲ. ಈಗ ಸತ್ತ ಮೇಲೆ "ಅವರು" ಎಂದು ಬರೆಯುತ್ತಿದ್ದೇನೆ. ನಗುವವರು ನಗಬಹುದು.

ಹದಿನಾರು ಎಂಬ ಊರು ದಾಟಿ ನರಸೀಪುರದ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಒಂದು ಗುಡ್ಡವಿತ್ತು. ಕೆಳಗೆಲ್ಲ ಭತ್ತ, ಕಬ್ಬು. ಗುಡ್ಡದ ಮೇಲೆ ಲಂಟಾನ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಕೊಂಡವರು ಒಬ್ಬ ನಿವೃತ್ತ ಎಂಜಿನಿಯರು. ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು. ಯಾವುದೋ ಹೊರದೇಶದಲ್ಲಿ ಅಣೆಕಟ್ಟು ಕಟ್ಟಿಸಲು ಹೋದಾಗ ಅಲ್ಲಿ ಕಡಿದಾದ ಇಳಿಜಾರಿನ ಮೇಲೆ ಬಿಳಿ ವೈನಿನ ದ್ರಾಕ್ಷಿ ಬೆಳೆಯುವುದನ್ನು ನೋಡಿ ಬಂದಿದ್ದರು. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಗಿಡಕ್ಕೆ ಸದಾ ಸ್ವಲ್ಪ ಹಸಿವು ಇರುತ್ತದೆ, ಹಸಿದ ಗಿಡದ ಹಣ್ಣು ಚಿಕ್ಕದಾದರೂ ಘಮಘಮ ಎನ್ನುತ್ತದೆ ಎಂಬುದು ಅವರ ಲೆಕ್ಕಾಚಾರ. ತೊಂಬತ್ತರ ದಶಕದ ನಡುವೆ ಲಂಟಾನ ಕಡಿಸಿ, ಕಲ್ಲಿನ ಕಟ್ಟೆಗಳನ್ನು ಹಾಕಿಸಿ, ಮೆಟ್ಟಿಲು ಮೆಟ್ಟಿಲಾಗಿ ಗಿಡ ನೆಡಿಸಿದರು. ದ್ರಾಕ್ಷಿಯ ಜಾತಿ ಶೆನಿನ್ ಬ್ಲಾಂಕ್. ಗುಡ್ಡದ ಹೆಂಗಸರ ಬಾಯಲ್ಲಿ ಅದು ಚೆನ್ನಿ ಆಯಿತು, ಕ್ರಮೇಣ ಯಜಮಾನರ ಬಾಯಲ್ಲೂ ಚೆನ್ನಿಯೇ ಆಯಿತು. ಊರವರು ಮಾತ್ರ ಬ್ರಾಂದಿ ತೋಟ ಎನ್ನುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಅದಕ್ಕೆ ಮೊದಲು ಬೆಂಗಳೂರಿನ ಆಚೆ, ತಿನ್ನುವ ದ್ರಾಕ್ಷಿಯ ತೋಟವೊಂದರಲ್ಲಿ ಆರು ವರ್ಷ ಇದ್ದೆ. ದ್ರಾಕ್ಷಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನಿದೆ ಎಂಬ ಕೊಬ್ಬು ಬೇರೆ. ನರಸೀಪುರದಲ್ಲಿ ನಮ್ಮ ತಾಯಿಗೆ ಹಣ್ಣಿನ ರಸದ ಫ್ಯಾಕ್ಟರಿ ಎಂದು ಹೇಳಿದ್ದೆ. ರಸವೇ ತಾನೆ, ಸ್ವಲ್ಪ ಹುಳಿ ಬಂದ ರಸ.

ಮೊದಲ ದಿನ ಪಾಲಿಶ್ ಹಾಕಿದ ಬೂಟು ತೊಟ್ಟು ಗುಡ್ಡ ಹತ್ತಿದೆ. ಎರಡನೇ ಕಟ್ಟೆಯಲ್ಲೇ ಜಾರಿ ಮೊಣಕಾಲಿನ ಮೇಲೆ ಬಿದ್ದೆ. ಮೇಲಿನ ಕಟ್ಟೆಯಿಂದ ಒಬ್ಬರು ಹೆಂಗಸು ಸರಸರ ಇಳಿದು ಬಂದು ನನ್ನ ರಟ್ಟೆ ಹಿಡಿದು ಎತ್ತಿದರು. ಅವರೇ ಮೇಸ್ತ್ರಮ್ಮ. ಕಪ್ಪಗೆ, ಸಣ್ಣಗೆ ಇದ್ದರು. ಸೊಂಟಕ್ಕೆ ಸಿಕ್ಕಿಸಿದ ಕತ್ತರಿ, ತಲೆಗೆ ಸುತ್ತಿದ ಗಂಡಸರ ಟವೆಲ್ಲು.

"ಬೂಟ್ ಬಿಚ್ಚಾಕಿ ಸಾ. ಇಲ್ಲಿ ಜಾರುದ್ರೆ ಕಪಿಲೇಲೇ ಏಳೋದು ನೀವು."

ಸುತ್ತ ಇದ್ದ ಹೆಂಗಸರೆಲ್ಲ ಕಿಸಕ್ಕೆಂದು ನಕ್ಕರು. ನನಗೆ ಮೈ ಉರಿಯಿತು. ಆದರೂ ಬೂಟು ಬಿಚ್ಚಿದೆ. ಕಲ್ಲಿನ ಬಿಸಿಗೆ ಅಂಗಾಲು ಬೆಂದುಹೋಯಿತು. ಸಂಜೆ ಇಳಿಯುವಾಗ ಅವರೇ ಒಂದು ಜೊತೆ ಹಳೆಯ ಟೈರಿನ ಮೆಟ್ಟು ತಂದು ಮುಂದಿಟ್ಟರು. "ನಮ್ ಯಜಮಾನಂದು. ಇಲ್ಲ ಈಗ ಅವ್ರು. ನಿಮ್ ಅಳತೆ ಆಯ್ತದೆ ನೋಡಿ" ಎಂದರು. ತೀರಿಹೋದ ಗಂಡನ ಮೆಟ್ಟು. ನಾನು ಅದನ್ನು ಹಾಕಿಕೊಳ್ಳಲಿಲ್ಲ. ಮಾರನೆಯ ದಿನ ನಂಜನಗೂಡಿನಲ್ಲಿ ಹೊಸದು ಕೊಂಡು ಹಾಕಿಕೊಂಡು ಹೋದೆ. ಅವರು ನನ್ನ ಕಾಲು ನೋಡಿ ಕೆಲಸಕ್ಕೆ ತಿರುಗಿದರು.

ಆ ಗುಡ್ಡದ ಕೊಯ್ಲನ್ನು ಕಣ್ಣಾರೆ ನೋಡಬೇಕಿತ್ತು. ಗಾಡಿ ಹೋಗುವಂತಿರಲಿಲ್ಲ, ತುಂಬಿದ ಕುಕ್ಕೆ ಹೊತ್ತು ಇಳಿದರೆ ಮನುಷ್ಯನೂ ಹಣ್ಣೂ ಎರಡೂ ಉಳಿಯುತ್ತಿರಲಿಲ್ಲ. ಅದಕ್ಕೆ ಮೇಸ್ತ್ರಮ್ಮ ಒಂದು ಉಪಾಯ ಮಾಡಿದ್ದರು. ಅದರ ಹೆಸರು ಕೈಸಾಲು. ತುದಿಯಿಂದ ಬುಡದ ಶೆಡ್ಡಿನವರೆಗೆ ಕಟ್ಟೆಗೊಬ್ಬರಂತೆ ಜನ ಕೂತುಬಿಡುವುದು. ಮೇಲೆ ಕೊಯ್ದ ಗೊಂಚಲಿನ ಕುಕ್ಕೆ ಕೈಯಿಂದ ಕೈಗೆ ಇಳಿದು ಬರುವುದು, ಖಾಲಿ ಕುಕ್ಕೆ ಕೈಯಿಂದ ಕೈಗೆ ಹತ್ತಿ ಹೋಗುವುದು. ಯಾರೂ ನಡೆಯುವಂತಿಲ್ಲ. ಎಲ್ಲಿ ಇಳಿಜಾರು ಅತಿ ಕಡಿದೋ ಆ ನಡುವಿನ ಕಟ್ಟೆಯಲ್ಲಿ ಅವರೇ ಕೂರುತ್ತಿದ್ದರು. ಬುಡದಲ್ಲಿ ಯಜಮಾನರು. ಸಾಲಿನಲ್ಲಿ ಕಾಲೋನಿಯವರು, ಊರೊಳಗಿನವರು, ನಾನು, ಎಲ್ಲರೂ. ಮೊದಲ ವರ್ಷ ನನ್ನನ್ನು ತಮ್ಮ ಕೆಳಗಿನ ಕಟ್ಟೆಯಲ್ಲೇ ಕೂರಿಸಿಕೊಂಡರು. ಕುಕ್ಕೆ ಇಸಿದುಕೊಳ್ಳುವಾಗ ಕೈಗೆ ಕೈ ತಗಲದ ಹಾಗೆ ನಾನು ಅಂಚು ಹಿಡಿಯುತ್ತಿದ್ದೆ. ಮೂರನೇ ಕುಕ್ಕೆ ಜಾರಿ ಉರುಳಿತು.

"ಅಡೀಲಿ ಕೈ ಮಡಗಿ ಸಾ. ಮೈಲಿಗೆ ಆದ್ರೆ ಸಂಜೆ ಸ್ನಾನ ಮಾಡ್ಕಳಿ. ಚೆನ್ನಿ ಬಿದ್ರೆ ಏನ್ ಮಾಡಾಣ?"

ಇಡೀ ಸಾಲು ನಕ್ಕಿತು. ಆ ಸಲ ನಾನೂ ನಕ್ಕೆ. ಅಡಿಯಲ್ಲಿ ಕೈ ಇಟ್ಟು ಹಿಡಿದೆ. ಆ ಎರಡು ವರ್ಷ ನಾನು ಸ್ವಲ್ಪ ಮನುಷ್ಯನಾಗುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.

ಕೊಯ್ಲಿನ ದಿನವನ್ನು ಹೇಳುತ್ತಿದ್ದವರೂ ಅವರೇ. ಹಣ್ಣಿನ ಸಕ್ಕರೆ ನೋಡಲು ಯಜಮಾನರ ಹತ್ತಿರ ದುರ್ಬೀನಿನಂಥ ಒಂದು ಗಾಜಿನ ಸಾಮಾನಿತ್ತು. ಒಂದು ತೊಟ್ಟು ರಸ ಹಾಕಿ ಬಿಸಿಲಿಗೆ ಹಿಡಿದು ಓದುತ್ತಿದ್ದರು. ಮೇಸ್ತ್ರಮ್ಮ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ದಿನಾ ಬೆಳಗ್ಗೆ ಕಟ್ಟೆಗೊಂದರಂತೆ ಹಣ್ಣು ಬಾಯಿಗೆ ಹಾಕಿಕೊಂಡು, ತಿರುಳು ನುಂಗಿ, ಬೀಜವನ್ನು ಮುಂದಿನ ಹಲ್ಲಿನಲ್ಲಿ ಕಡಿಯುತ್ತಿದ್ದರು. ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಿದ್ದರು. ಆಮೇಲೆ ಅಂಗೈಗೆ ಉಗಿದು ಬಣ್ಣ ನೋಡುತ್ತಿದ್ದರು. ಬೀಜ ಹಸಿರಾಗಿ ಮೆತ್ತಗಿದ್ದರೆ ತಲೆಯಾಡಿಸುವುದು. ಹುರಿದ ಕಾಳಿನ ಹಾಗೆ ಕಟಕ್ ಎಂದರೆ "ನಾಳಿಕೆ ಕುಯ್ರೀ" ಎನ್ನುವುದು. ಯಜಮಾನರ ದುರ್ಬೀನು ಇನ್ನೂ ಮೂರು ದಿನ ಎಂದರೂ ಅವರು ಮೇಸ್ತ್ರಮ್ಮನ ಮಾತನ್ನೇ ಕೇಳುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಒಬ್ಬ ಎಂಜಿನಿಯರು ಒಬ್ಬ ಕೂಲಿ ಹೆಂಗಸಿನ ಬಾಯಿ ನೋಡಿಕೊಂಡು ಕೆಲಸ ಶುರು ಮಾಡುತ್ತಿದ್ದದ್ದು ಅಲ್ಲೊಂದೇ ಇರಬೇಕು. ಅದು ಅವರ ಆಸ್ತಿ. ಬೇರೆ ಆಸ್ತಿ ಅವರಿಗೆ ಇರಲಿಲ್ಲ.

ಮೊದಮೊದಲು ನಮ್ಮ ಹಣ್ಣು ಲಾರಿಯಲ್ಲಿ ಬೇರೆ ಕಡೆಗೆ ಹೋಗುತ್ತಿತ್ತು. ನಮ್ಮದೇ ಶೆಡ್ಡಿನಲ್ಲಿ ವೈನು ಮಾಡುವ ಮುಂಚಿನ ವರ್ಷ ಪರೀಕ್ಷೆಗೆಂದು ಒಂದು ಡ್ರಮ್ಮಿನಷ್ಟು ಮಾಡಿದೆವು. ಅದು ತಿಳಿಯಾದ ದಿನ ಯಜಮಾನರು ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಎರಡೆರಡು ಗುಟುಕು ಕೊಟ್ಟರು. ಸಿದ್ದರಾಜು ಗಟಗಟ ಕುಡಿದು "ಇದೇನ್ಸಾ, ಕಿಕ್ಕೇ ಇಲ್ಲ" ಎಂದ. ಮೇಸ್ತ್ರಮ್ಮ ಕುಡಿಯುವವರಲ್ಲ. ಅವರ ಮನೆಯವರು ಬೌದ್ಧರಾಗಿ ಬಹಳ ವರ್ಷವಾಗಿತ್ತು. ಪಂಚಶೀಲ ತೆಗೆದುಕೊಂಡವರು, ಹೆಂಡ ಮುಟ್ಟುವಂತಿಲ್ಲ. ಯಜಮಾನರು ಒತ್ತಾಯ ಮಾಡಲಿಲ್ಲ. ಆದರೆ ಮೇಸ್ತ್ರಮ್ಮನಿಗೇ ತಡೆಯಲಾಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಬಚ್ಚಲ ಕಡೆ ಹೋಗಿ ಉಗಿದು ಬಂದರು.

"ಬಾಯಿಗೆ ಆಕ್ಕಂಡ್ರೆ ದೋಸ ಇಲ್ಲ, ನುಂಗುದ್ರೆ ದೋಸ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಡ್ ದಿನ ತಡ ಮಾಡ್ಬುಟ್ವಿ ಸಾ ಕುಯ್ಯದ. ಮೂಗ್ನಲ್ಲಿ ಬತ್ತದೆ, ನಾಲ್ಗೇಲಿ ನಿಲ್ಲಕಿಲ್ಲ" ಎಂದರು.

ಯಜಮಾನರು ಚಪ್ಪಾಳೆ ತಟ್ಟಿಬಿಟ್ಟರು. ದೊಡ್ಡ ದೊಡ್ಡ ದೇಶಗಳಲ್ಲಿ ವೈನಿನ ಪರೀಕ್ಷೆ ಮಾಡುವವರೂ ಹೀಗೇ ಬಾಯಿ ಮುಕ್ಕಳಿಸಿ ಉಗಿಯುತ್ತಾರಂತೆ, ನುಂಗುವುದೇ ಇಲ್ಲವಂತೆ. ಆ ಎರಡು ದಿನ ತಡ ಮಾಡಿಸಿದ್ದು ನಾನು. ಮೈಸೂರಿನಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಅವರಿಗೆ ಅದು ಗೊತ್ತಿತ್ತು. "ತಡ ಮಾಡ್ಬುಟ್ವಿ" ಎಂದರೇ ಹೊರತು "ಮಾಡ್ಬುಟ್ರಿ" ಎನ್ನಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಆ ವರ್ಷ ನಮ್ಮ ಶೆಡ್ಡಿಗೆ ಎರಡು ಹೊಳೆಯುವ ಸ್ಟೀಲ್ ಟ್ಯಾಂಕು ಬಂದವು. ಮೊದಲ ಸಲ ನಮ್ಮದೇ ಬಾಟಲು ತುಂಬಬೇಕು. ಯಜಮಾನರಿಗೆ ಅರವತ್ತೈದು ದಾಟಿತ್ತು, ಹಗಲೂ ಇರುಳೂ ಅದೇ ಧ್ಯಾನ. ಅಕ್ಟೋಬರಿನಲ್ಲಿ ಕಡ್ಡಿ ಸವರಿ ಚಾಟ್ನಿ ಮಾಡಿದ್ದೆವು, ಡಿಸೆಂಬರಿಗೆ ಕಾಯಿ ಕಚ್ಚಿತ್ತು. ಆಗ ಪುಣೆಯಲ್ಲಿದ್ದ ಅವರ ಮಗಳಿಗೆ ಹೆರಿಗೆ ಬಂತು. ಹೊರಡುವ ದಿನ ನನ್ನನ್ನು ಕರೆದು ಹೇಳಿದರು: "ನೋಡಿ, ಏನೂ ಮಾಡಬೇಡಿ. ಅದರ ಪಾಡಿಗೆ ಅದು ಬೆಳೀಲಿ. ಏನಾದರೂ ಅನುಮಾನ ಬಂದರೆ ಆಯಮ್ಮನ್ನ ಕೇಳಿ."

ಆಯಮ್ಮನನ್ನು ಕೇಳುವುದು! ಡಿಪ್ಲೊಮಾ ಮಾಡಿದವನು ನಾನು.

ಅದೇ ವಾರ ಬೆಂಗಳೂರಿನ ಹಳೇ ತೋಟದ ಗೆಳೆಯನೊಬ್ಬ ಆ ಕಡೆ ಬಂದವನು ನನ್ನನ್ನು ನೋಡಲು ಗುಡ್ಡ ಹತ್ತಿದ. ಗೊಂಚಲನ್ನು ಬೆರಳಲ್ಲಿ ಎತ್ತಿ ನೋಡಿ ನಕ್ಕ. "ಏನಯ್ಯಾ, ಕೊತ್ತಂಬರಿ ಬೆಳೀತಿದ್ದೀಯಾ? ನಮ್ಮಲ್ಲಿ ಇದ್ದು ಇಷ್ಟೇ ಕಲಿತದ್ದಾ?" ಎಂದ. ಅಷ್ಟೇ. ಆ ಒಂದು ಮಾತು ನನ್ನ ತಲೆಗೆ ಹೊಕ್ಕಿತು. ತಿನ್ನುವ ದ್ರಾಕ್ಷಿಯನ್ನು ದಪ್ಪ ಮಾಡಲು ಒಂದು ಹಾರ್ಮೋನಿನ ಪುಡಿ ಬರುತ್ತದೆ. ನೀರಿಗೆ ಕಲಸಿ ಮಗ್ಗಿನಲ್ಲಿ ಹಿಡಿದು ಒಂದೊಂದೇ ಗೊಂಚಲನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಆರು ವರ್ಷ ಮಾಡಿಸಿದ ಕೆಲಸ. ಹಳೇ ತೋಟದಿಂದ ತಂದ ಒಂದು ಪೊಟ್ಟಣ ನನ್ನ ಮೇಜಿನಲ್ಲೇ ಇತ್ತು. ಬುಧವಾರ ಬೆಳಗ್ಗೆ ಬೇರೆಯವರು ಬರುವ ಮುಂಚೆಯೇ ಬಕೆಟ್ಟಿನಲ್ಲಿ ಕಲಸಿ ಮೇಸ್ತ್ರಮ್ಮನನ್ನು ಕರೆದೆ. ತುದಿಯ ನಾಲ್ಕು ಕಟ್ಟೆಯನ್ನು ಅದ್ದಿಸು ಎಂದೆ. ತೋಟದಲ್ಲೆಲ್ಲ ಒಳ್ಳೆಯ ಹಣ್ಣು ಬಿಡುತ್ತಿದ್ದದ್ದು ಅಲ್ಲೇ.

ಅವರು ಬಕೆಟ್ಟು ನೋಡಿದರು. ವಾಸನೆ ನೋಡಿದರು.

"ಇದ್ಯಾಕ್ಸಾ? ಚೆನ್ನಿ ಮೊದ್ಲೇ ಒತ್ತೊತ್ಕಂಡು ಬಿಡ್ತದೆ. ಇನ್ನೂ ದಪ್ಪ ಆದ್ರೆ ಒಂದ್ಕೊಂದು ಒತ್ಕಂಡು ಒಡ್ದೋಯ್ತವೆ. ಇದು ತಿನ್ನೋ ಅಣ್ಣಿಗೆ ಸಾ."

"ನನಗೆ ಹೇಳಿಕೊಡ್ತೀಯಾ? ಎಷ್ಟು ಓದಿದ್ದೀಯಾ ನೀನು?"

"ಓದಿಲ್ಲ ಸಾ. ಯಜಮಾನ್ರು ಬರ್ಲಿ, ಒಂದ್ ಮಾತ್ ಕೇಳ್ಬುಟ್ಟು..."

"ಅವರು ಬರೋ ಹೊತ್ತಿಗೆ ಕಾಲ ಮೀರಿರುತ್ತೆ. ಹೇಳಿದಷ್ಟು ಮಾಡಮ್ಮ. ಏನಾದರೂ ಆದರೆ ನಾನಿದ್ದೀನಿ."

ನಾನಿದ್ದೀನಿ ಎಂದೆ. ಸ್ಪಷ್ಟವಾಗಿ ನೆನಪಿದೆ. ಅವರು ಬಕೆಟ್ಟು ಎತ್ತಿಕೊಂಡರು. ನಾನು ಲೈಸೆನ್ಸಿನ ಕಾಗದದ ಕೆಲಸಕ್ಕೆಂದು ಮೈಸೂರಿಗೆ ಹೋದೆ. ಆಮೇಲೆ ಬಂದ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಅವರು ಎರಡು ದಿನ ಬಿಸಿಲಲ್ಲಿ ನಿಂತು ಅಷ್ಟೂ ಗೊಂಚಲುಗಳನ್ನು ಅದ್ದಿದರು.

ಜನವರಿಯಲ್ಲಿ ನಾನು ಮೀಸೆ ತಿರುವುತ್ತಿದ್ದೆ. ಹಣ್ಣು ಗುಂಡು ಗುಂಡಾಗಿ, ನೋಡಿದರೆ ದೃಷ್ಟಿ ತಾಕಬೇಕು. ಫೆಬ್ರವರಿಗೆ ಅವರ ಮಾತು ನಿಜವಾಯಿತು. ದಪ್ಪಗಾದ ಹಣ್ಣು ಒಂದನ್ನೊಂದು ತಳ್ಳಿ ಒಳಗಿನಿಂದ ಒಡೆಯತೊಡಗಿದವು. ರಸ ಸೋರಿ, ಬೂಸ್ಟು ಹಿಡಿದು, ನೊಣ ಮುತ್ತಿ, ತುದಿಯ ನಾಲ್ಕು ಕಟ್ಟೆಯಿಂದ ಹುಳಿನಾತ ಶೆಡ್ಡಿನವರೆಗೂ ಬರುತ್ತಿತ್ತು. ಯಜಮಾನರು ಊರಿಗೆ ಬಂದದ್ದು ಅದೇ ಹೊತ್ತಿಗೆ. ಗುಡ್ಡ ಹತ್ತಿ ಹೋದವರು ಬಹಳ ಹೊತ್ತು ಮೇಲೆಯೇ ಇದ್ದರು. ಇಳಿದು ಬಂದಾಗ ಕೈಯಲ್ಲಿ ಒಂದು ಕೊಳೆತ ಗೊಂಚಲಿತ್ತು, ಮುಖ ಇಷ್ಟಾಗಿತ್ತು. ಮಿಕ್ಕ ಕಟ್ಟೆಗಳ ಕೊಯ್ಲಿಗೆಂದು ಅಂದು ಎಲ್ಲರೂ ಸೇರಿದ್ದೆವು.

"ಇದು ನೀರಿನ ಕೆಲಸ ಅಲ್ಲ. ಔಷಧಿ ಕೆಲಸ. ಯಾರು ಅದ್ದಿದ್ದು?"

"ನಾನೇ ಯಜಮಾನ್ರೇ" ಎಂದರು ಮೇಸ್ತ್ರಮ್ಮ. ಒಂದು ಕ್ಷಣವೂ ತಡೆಯಲಿಲ್ಲ. ಸುಳ್ಳು ಹೇಳಬಾರದು ಎನ್ನುವುದೂ ಆ ಪಂಚಶೀಲದಲ್ಲಿ ಒಂದು.

"ನೀನಾ? ಯಾರು ಹೇಳಿದ್ದು ನಿನಗೆ?"

ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ. ನನ್ನ ಮುಖ ನೋಡಿದರು ಅಷ್ಟೆ. "ಸಾ ಯೋಳ್ತಾರೆ" ಎಂದರು. ನನ್ನ ಮರ್ಯಾದೆಯನ್ನು ನನ್ನ ಕೈಯಲ್ಲೇ ಕೊಟ್ಟರು. ನಾನೇ ಬಾಯಿಬಿಟ್ಟು ಹೇಳಿದರೆ ನನಗೆ ಅವಮಾನ ಕಡಿಮೆ ಎಂದು ಅವರ ಲೆಕ್ಕ.

ನಾನು ಹೇಳಿದ್ದು ಇದು: "ತಿನ್ನೋ ದ್ರಾಕ್ಷಿಗೆ ಹೀಗೆ ಮಾಡ್ತಾರೆ ಅಂತ ಯಾವತ್ತೋ ಮಾತಿಗೆ ಹೇಳಿದ್ದೆ ಸಾರ್. ಔಷಧಿ ರೂಮು ತೆಗೆದೇ ಇತ್ತು. ಇವಳು ಹೋಗಿ ಇಲ್ಲೇ ಮಾಡಿಬಿಡ್ತಾಳೆ ಅಂತ ನನಗೇನು ಗೊತ್ತು? ಅವತ್ತು ನಾನು ಮೈಸೂರಲ್ಲಿದ್ದೆ."

ಮೈಸೂರಲ್ಲಿದ್ದದ್ದು ನಿಜವೇ. ಸುಳ್ಳಿಗೆ ಒಂದು ಚೂರು ನಿಜ ಬೆರೆಸಿದರೆ ಎಷ್ಟು ಗಟ್ಟಿ ನಿಲ್ಲುತ್ತದೆ ಎಂದು ಅಂದು ಕಲಿತೆ. ಯಜಮಾನರು ನಂಬಿದರು. ಯಾಕೆ ನಂಬಬಾರದು? ಹಣೆಯಲ್ಲಿ ವಿಭೂತಿ ಇಟ್ಟ, ಅವರದೇ ಕಡೆಯ, ಓದಿದ ಹುಡುಗ ನಾನು. ಆ ಕಡೆ ಕಾಲೋನಿಯ ಹೆಂಗಸು. ಅವರು ಒಳ್ಳೆಯವರೇ, ಆದರೆ ತಕ್ಕಡಿ ಮೊದಲೇ ಒಂದು ಕಡೆ ವಾಲಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಇಷ್ಟು ವರ್ಷ ನಿನ್ನ ನಾಲಿಗೆ ನಂಬಿಕೊಂಡು ಬಂದೆನಲ್ಲಮ್ಮಾ" ಎಂದರು ಯಜಮಾನರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲವೇನೋ. "ಕೆಲಸಕ್ಕೆ ಬರಬೇಡ ಅನ್ನಲ್ಲ. ಆದರೆ ಇನ್ನು ಮೇಲೆ ಕೊಯ್ಯೋ ದಿನ ಮ್ಯಾನೇಜರು ಹೇಳ್ತಾರೆ. ನೀನು ಎಲ್ಲರ ಜೊತೆ ಕೂಲಿ ಮಾಡ್ಕೊಂಡಿರು."

ಮೇಸ್ತ್ರಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ಅಂಗಾದ್ರೆ ಅಂಗೇ" ಎಂದು ಸೊಂಟದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು. ಹೋಗಿ ಕೈಸಾಲಿನಲ್ಲಿ ಕೂತರು. ನಡುವಿನ ಕಟ್ಟೆಯಲ್ಲಲ್ಲ, ಕೆಳಗಡೆ ಎಲ್ಲೋ. ಆ ದಿನ ನಡುವಿನ ಕಟ್ಟೆಯಲ್ಲಿ ಎರಡು ಕುಕ್ಕೆ ಉರುಳಿದವು.

ಸಂಜೆ ಶೆಡ್ಡಿನ ಹಿಂದೆ ಅವರನ್ನು ಹಿಡಿದು ನಿಲ್ಲಿಸಿದೆ. "ನೋಡಮ್ಮ, ಆ ಗಾಬರೀಲಿ ಏನೋ ಬಾಯಿಗೆ ಬಂದುಬಿಡ್ತು. ಯಜಮಾನರು ಸ್ವಲ್ಪ ತಣ್ಣಗಾಗಲಿ, ಸಮಯ ನೋಡಿ ನಾನೇ ಎಲ್ಲ ಹೇಳ್ತೀನಿ" ಎಂದೆ.

ಅವರು ನನ್ನನ್ನು ಸುಮ್ಮನೆ ನೋಡಿದರು. ಕೋಪವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಯೋಳಿ ಸಾ. ನಾನ್ ಕಾಯ್ತೀನಿ."

ಸಮಯ ಎಷ್ಟು ಸಲ ಬಂತು! ಮುಂದಿನ ವರ್ಷ, ಅದ್ದಿದ ನಾಲ್ಕು ಕಟ್ಟೆಯ ಗಿಡಗಳಲ್ಲಿ ಹೆಸರಿಗೂ ಒಂದು ಗೊಂಚಲು ಬರಲಿಲ್ಲ. ಬೀಜದ ದ್ರಾಕ್ಷಿಗೆ ಆ ಪುಡಿ ಹಾಕಿದರೆ ಮರುವರ್ಷದ ಮೊಗ್ಗನ್ನೂ ಕೊಂದುಹಾಕುತ್ತದೆ ಎಂದು ನನಗೆ ಆಗ ತಿಳಿಯಿತು. ಯಜಮಾನರು ಕಿತ್ತುಹಾಕಿಸಿ ಎಂದರು. ಮೇಸ್ತ್ರಮ್ಮ ಯಾರಿಗೂ ಹೇಳದೆ ದಿನಾ ಅರ್ಧ ಗಂಟೆ ಮುಂಚೆ ಬಂದು ಆ ಗಿಡಗಳ ಬುಡ ಬಿಡಿಸಿ, ಹಳೇ ಕಡ್ಡಿಗಳನ್ನು ಒಂದೊಂದಾಗಿ ಆಯ್ದು ಸವರಿದರು. ಮೇಸ್ತ್ರಿಯ ಕತ್ತರಿ ಇರಲಿಲ್ಲ, ಮನೆಯಿಂದ ಕುಡುಗೋಲು ತರುತ್ತಿದ್ದರು. ಮೂರನೇ ವರ್ಷ ಅಲ್ಲಿ ಮತ್ತೆ ಚೆನ್ನಿ ಬಿಟ್ಟಿತು. ಆ ಹಣ್ಣಿನದೇ ನಮ್ಮ ಮೊದಲ ಒಳ್ಳೆಯ ಬಾಟಲು.

ಅದನ್ನು ನೋಡಲು ಹೊರಗಿನಿಂದ ನಾಲ್ಕು ಜನ ಬಂದಿದ್ದರು. ಯಜಮಾನರು ನನ್ನ ಭುಜದ ಮೇಲೆ ಕೈಹಾಕಿ, "ಸತ್ತ ಗಿಡ ಬದುಕಿಸಿದ್ದು ಇವರು" ಎಂದು ಪರಿಚಯ ಮಾಡಿಸಿ ಒಂದು ಶಾಲು ಹೊದಿಸಿದರು. ಹತ್ತು ಮಾರು ದೂರದಲ್ಲಿ ಆಯಮ್ಮ ಕುಕ್ಕೆ ತೊಳೆಯುತ್ತಾ ಕೂತಿದ್ದರು. ನಾನು ಶಾಲು ಸರಿಮಾಡಿಕೊಂಡು ಕೈಮುಗಿದೆ. ಮಾರನೆಯ ದಿನ ಅವರು ನನ್ನ ಹತ್ತಿರ ಬಂದು, ಕುಹಕವಿಲ್ಲದೆ, ಬಸ್ಸು ಬಂತಾ ಎಂದು ಕೇಳುವಷ್ಟು ಸಹಜವಾಗಿ ಕೇಳಿದರು:

"ಸಾ, ಸಮಯ ಬಂತಾ?"

"ಇನ್ನೊಂದು ಸ್ವಲ್ಪ ದಿನ ತಡಿಯಮ್ಮ" ಎಂದೆ.

ಆಮೇಲೆ ಅವರು ಎಂದೂ ಕೇಳಲಿಲ್ಲ. ಕೊಯ್ಲಿನ ಮುಂಚೆ ಹೆಂಗಸರು ಅಭ್ಯಾಸಬಲದಿಂದ "ನಾಳೆ ಕುಯ್ಯಾದಾ ಮೇಸ್ತ್ರಮ್ಮಾ?" ಎಂದು ಕೇಳಿದರೆ, "ನನ್ ಯಾಕವ್ವ ಕೇಳೀಯೆ, ಸಾನ್ ಕೇಳು" ಎನ್ನುತ್ತಿದ್ದರು. ನಾನು ದುರ್ಬೀನು ಹಿಡಿದು ದಿನ ಹೇಳುತ್ತಿದ್ದೆ. ಹೇಳುವ ಮುಂಚೆ ಕಳ್ಳನ ಹಾಗೆ ಅವರ ಕಡೆ ನೋಡುತ್ತಿದ್ದೆ. ದಿನ ಸರಿಯಿದ್ದರೆ ಅವರು ಟವೆಲ್ಲು ಕೊಡವಿ ತಲೆಗೆ ಸುತ್ತಿಕೊಳ್ಳುತ್ತಿದ್ದರು. ತಪ್ಪಿದ್ದರೆ ಸುತ್ತಿಕೊಳ್ಳುತ್ತಿರಲಿಲ್ಲ. ಹಾಗೆ ಅವರ ಟವೆಲ್ಲು ನೋಡಿಕೊಂಡು ನಾನು ನಾಲ್ಕು ವರ್ಷ ಜಾಣ ಮ್ಯಾನೇಜರು ಅನ್ನಿಸಿಕೊಂಡೆ. ತಾವು ನನಗೆ ಸುಳಿವು ಕೊಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತೇ? ಗೊತ್ತಿತ್ತು. ಚೆನ್ನಿ ಹಾಳಾಗಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಆಮೇಲೆ ಯಜಮಾನರಿಗೆ ಗುಡ್ಡ ಹತ್ತಲಾಗದೆ ಹೋಯಿತು. ತೋಟ ಮಾರಿ ಮಗಳ ಮನೆ ಸೇರಿದರು. ಕೊಂಡವರು ಗುಡ್ಡವನ್ನು ಜಲ್ಲಿ ಕ್ವಾರಿಗೆ ಬಿಟ್ಟರು. ಯಜಮಾನರು ಪುಣೆಯಲ್ಲೇ ತೀರಿಕೊಂಡರೆಂದು ಒಂದು ಕಾರ್ಡು ಬಂತು. ಕಾರ್ಡು ಓದಿ, ಅಯ್ಯೋ ಇನ್ನು ಅವರಿಗೆ ಹೇಳುವ ಹಾಗಿಲ್ಲವಲ್ಲ ಎಂದು ಜೋರಾಗಿ ಸಂಕಟಪಟ್ಟೆ. ಅವರು ಬದುಕಿದ್ದಾಗ ಫೋನು ನಂಬರು ನನ್ನ ಡೈರಿಯಲ್ಲೇ ಇತ್ತು.

ಸಿದ್ದರಾಜು ಸುದ್ದಿ ಹೇಳಿದ ಮೂರನೇ ದಿನ ಅವರ ಮನೆಗೆ ಹೋದೆ. ಅಷ್ಟು ವರ್ಷ ಜೊತೆಗಿದ್ದರೂ ಅವರ ಬೀದಿಗೆ ಹೋದದ್ದು ಅದೇ ಮೊದಲು. ಸುಣ್ಣ ಬಳಿದ ಪುಟ್ಟ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಇವರ ಫೋಟೊ. ತಲೆಗೆ ಟವೆಲ್ಲಿಲ್ಲದ ಅವರನ್ನು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು. ಮಗಳೊಬ್ಬರೇ ಇದ್ದರು. ಹದಿನಾರಿನ ಕಡೆ ಎಲ್ಲೋ ಪ್ರೈಮರಿ ಶಾಲೆಯ ಮೇಡಂ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಟೀ ತಂದುಕೊಟ್ಟರು. ನಾನು ಕುಡಿದೆ. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ವಾಕ್ಯವನ್ನು ಉರು ಹೊಡೆದುಕೊಂಡು ಬಂದಿದ್ದೆ: ತಪ್ಪು ನಿಮ್ಮ ತಾಯಿಯದಲ್ಲ, ನನ್ನದು. ನಾಲ್ಕು ಪದ. ಲೋಟ ಕೆಳಗಿಟ್ಟ ಕೂಡಲೇ ಹೇಳಬೇಕು.

ಲೋಟ ಇಡುವ ಮೊದಲೇ ಅವರೇ ಶುರು ಮಾಡಿದರು.

"ಸಾರ್, ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಎಷ್ಟೋ ವರ್ಷದಿಂದ ಅನ್ಕೊಂಡಿದ್ದೆ. ಅವ್ವ ಇದ್ದಾಗ ಕೇಳೋಕಾಗಲಿಲ್ಲ. ಆ ಔಷಧಿ ವಿಷಯ. ಊರೆಲ್ಲ ಅವ್ವಂದೇ ತಪ್ಪು ಅಂದ್ರು. ನನಗೆ ನಂಬೋಕೆ ಆಗ್ತಿರ್ಲಿಲ್ಲ. ಅವ್ವನ್ನ ಕೇಳಿದ್ರೆ ಬಾಯೇ ಬಿಡ್ತಿರ್ಲಿಲ್ಲ, 'ಸಾ ಯೋಳ್ತಾರೆ ಸುಮ್ಕಿರು' ಅನ್ನೋರು. ಸಾಯೋವರೆಗೂ ಅದೇ ಮಾತು. ಈಗ ನೀವೇ ಹೇಳಿ ಸಾರ್. ನಮ್ಮವ್ವ ತಪ್ಪು ಮಾಡಿದ್ರಾ?"

ಆಕೆ ನನ್ನ ಎದುರು ನೆಲದ ಮೇಲೆ ಕೂತಿದ್ದರು. ಕಣ್ಣು ತಾಯಿಯದೇ. ಬಾಗಿಲಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ನಿಂತಿದ್ದರು. ನಾಲ್ಕು ಪದವೂ ನಾಲಿಗೆಯ ಮೇಲೇ ಇದ್ದವು.

"ತಪ್ಪು ಯಾರು ಮಾಡಲ್ಲಮ್ಮಾ? ಹೋಗ್ಲಿ ಬಿಡು. ನಾನು ಆವತ್ತೇ ಮರೆತುಬಿಟ್ಟೆ" ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ದೊಡ್ಡ ಮನಸ್ಸು ಸಾರ್ ನಿಮ್ದು. ಬೇರೆಯವರಾಗಿದ್ರೆ ಕೆಲಸದಿಂದಲೇ ತೆಗೀತಿದ್ರು" ಎಂದು ಎರಡೂ ಕೈ ಮುಗಿದರು. ರಸ್ತೆಯವರೆಗೂ ನನ್ನ ಜೊತೆಗೇ ಬಂದು, ನಾನು ಬಸ್ಸು ಹತ್ತುವ ತನಕ ನಿಂತಿದ್ದರು.